ಕಾರು ತಗ್ಗಿಸುವ ಮೊದಲು ಒಂದು ದಬ್ಬೆ ಹಿಡಿದು ರಸ್ತೆಗೆ ಹೋಗಿ

ಈ ಸಲ ಕೊಳೆರೋಗದ ಬಗ್ಗೆ ಅಲ್ಲ. ಎರಡನೇ ಮದ್ದು ಬಿಟ್ಟು ಆಯ್ತು, ಇನ್ನು ಮಳೆ ಎಂತ ಮಾಡ್ತದೆ ನೋಡುವ. ಇವತ್ತು ಕಾರಿನ ಬಗ್ಗೆ. ನಗಬೇಡಿ ಮಾರಾಯ್ರೆ. ಅಡಿಕೆಗೆ ರೇಟು ಬಂದ ಮೇಲೆ ನಮ್ಮ ಕಡೆಯ ಅಂಗಳಗಳಲ್ಲಿ ಜೀಪಿನ ಪಕ್ಕ ಸೆಕೆಂಡ್ ಹ್ಯಾಂಡ್ ಬೆಂಜ್, ಬಿಎಂಡಬ್ಲ್ಯು ಬಂದು ನಿಂತದ್ದು ನೀವೂ ನೋಡಿದ್ದೀರಿ. ಕಾರು ಬಂದು ತಿಂಗಳಾಗುವುದರೊಳಗೆ ಮಕ್ಕಳಿಗೆ ಎರಡು ಆಸೆ ಶುರುವಾಗ್ತದೆ. ಚಕ್ರ ದೊಡ್ಡದು ಮಾಡಬೇಕು, ಕಾರು ತಗ್ಗಿಸಬೇಕು.

ನನ್ನ ಅಕ್ಕನ ಮಗ ಮಂಗಳೂರಲ್ಲಿ ಕದ್ರಿ ಹತ್ತಿರ ಇದ್ದಾನೆ. ಅವನು ಒಂದು ಹಳೆ ಸಿ-ಕ್ಲಾಸ್ ಬೆಂಜ್ ತೆಗೆದ. ಒಳ್ಳೆ ಕಾರು, ಅದರಲ್ಲಿ ಎರಡು ಮಾತಿಲ್ಲ. ಮೊನ್ನೆ ಫೋನ್ ಮಾಡಿ, "ಮಾವ, 19 ಇಂಚಿನ ಅಲಾಯ್, ಜೊತೆಗೆ ಮೂರೂವರೆ ಸೆಂಟಿಮೀಟರ್ ತಗ್ಗಿಸುವ ಸ್ಪ್ರಿಂಗ್ ಹಾಕಿಸ್ತೇನೆ" ಅಂದ. ಅವನ ದುಡ್ಡು, ಅವನ ಕಾರು. ಆದರೆ ನನ್ನ ಅಮ್ಮನನ್ನು, ಅಂದರೆ ಅವನ ಅಜ್ಜಿಯನ್ನು, ಎರಡು ವಾರಕ್ಕೊಮ್ಮೆ ಆಸ್ಪತ್ರೆಗೆ ಕರ್ಕೊಂಡು ಹೋಗುವವನು ಅವನೇ. ಕಾರು ನಮ್ಮ ಅಂಗಳದವರೆಗೆ ಬರದಿದ್ದರೆ ಮೊಣಕಾಲು ನೋವಿನ ಅಮ್ಮ ಆ ಚಡವಿನಲ್ಲಿ ಟಾರು ರಸ್ತೆವರೆಗೆ ನಡೀಬೇಕು. ಹಾಗಾಗಿ ನಾನು ಬಾಯಿ ಹಾಕಿದೆ.

ಮೊದಲು ಚಕ್ರ. ಅವನ ಕಾರಿನ ಟಯರ್ 225/50 ಆರ್17. ಅಂದರೆ ಅಗಲ 225 ಮಿ.ಮೀ., ಪಕ್ಕದ ರಬ್ಬರಿನ ಎತ್ತರ ಅದರ ನೂರಕ್ಕೆ 50, ಒಳಗಿನ ಚಕ್ರ 17 ಇಂಚು. ಪಕ್ಕದ ರಬ್ಬರ್ 11.25 ಸೆಂ.ಮೀ. ಆಯ್ತು. 18 ಇಂಚಿಗೆ ಹೋದರೆ 225/45, ರಬ್ಬರ್ 10 ಸೆಂ.ಮೀ. ಚಿಲ್ಲರೆ. 19ಕ್ಕೆ 225/40, ರಬ್ಬರ್ ಬರೀ 9. ಇಡೀ ಟಯರಿನ ವ್ಯಾಸ ಮಾತ್ರ ಮೂರರಲ್ಲೂ ಹೆಚ್ಚುಕಮ್ಮಿ ಒಂದೇ: 657, 660, 663 ಮಿ.ಮೀ. ದೊಡ್ಡ ಚಕ್ರ ಹಾಕಿದರೆ ಕಾರು ಎತ್ತರ ಆಗ್ತದೆ ಅಂತ ಕೆಲವರು ನಂಬಿದ್ದಾರೆ, ಅದು ಸುಳ್ಳು. ಲೋಹ ಹೆಚ್ಚಾಗ್ತದೆ, ರಬ್ಬರ್ ಕಡಿಮೆ ಆಗ್ತದೆ, ಅಷ್ಟೆ. ಗುಂಡಿಗೆ ಬಿದ್ದಾಗ ಮೊದಲ ಪೆಟ್ಟು ತಡೆಯುವುದು ಆ ರಬ್ಬರ್ ಮತ್ತು ಅದರೊಳಗಿನ ಗಾಳಿ. ಅದರಲ್ಲಿ ಎರಡೂಕಾಲು ಸೆಂ.ಮೀ. ಕಳೆದುಕೊಂಡು ಜುಲೈ ತಿಂಗಳಲ್ಲಿ ನೀರು ತುಂಬಿದ ಗುಂಡಿಗೆ ಇಳಿದು ನೋಡಿ. ಗುಂಡಿ ಅರ್ಧ ಅಡಿಯೋ ಒಂದು ಅಡಿಯೋ ಮೇಲಿಂದ ಗೊತ್ತಾಗುವುದಿಲ್ಲ. ನನ್ನ ಪರಿಚಯದವರೊಬ್ಬರ ಕಾರಿನಲ್ಲಿ ಹೋಗುವಾಗ ಹಾಗೇ ಆಯ್ತು. ರಿಮ್ಮಿನ ಅಂಚು ಒಳಗೆ ಬಗ್ಗಿತು, ಟಯರಿನ ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ಬಾವು. ಆ ಬಾವು ಬಂದ ಟಯರನ್ನು ಯಾರೂ ರಿಪೇರಿ ಮಾಡಲಿಕ್ಕೆ ಆಗುವುದಿಲ್ಲ, ಎಸೆಯುವುದೇ. ರಾತ್ರಿ ಹೊತ್ತು, ಮಳೆ, ಆ ಅಳತೆಯ ಟಯರ್ ಯಾವ ಅಂಗಡಿಯಲ್ಲೂ ಇಲ್ಲ. ಕಾರನ್ನು ಲಾರಿ ಮೇಲೆ ಹೇರಿಯೇ ಮನೆಗೆ ತಂದದ್ದು.

ಭಾರದ ಲೆಕ್ಕ ಇನ್ನೊಂದು. ಟಯರ್ ಮೇಲೆ ಅಳತೆಯ ಪಕ್ಕ 91, 94, 95 ಅಂತ ಒಂದು ನಂಬರ್ ಇರ್ತದೆ. 91 ಅಂದರೆ ಒಂದು ಟಯರ್ 615 ಕಿಲೋ ಹೊರಬಹುದು, 94 ಅಂದರೆ 670, 95 ಅಂದರೆ 690. ಚಂದ ನೋಡಿ ತೆಗೆಯುವಾಗ ಹಳೇ ಟಯರಿಗಿಂತ ಈ ನಂಬರ್ ಕೆಳಗೆ ಹೋಗಬಾರದು. ಚಕ್ರದ ಬೋಲ್ಟ್ ಕೂತರೆ ಸಾಕು ಅಂತಲೂ ಇಲ್ಲ. ಬೆಂಜಿಗೂ ಕೆಲವು ಸ್ಕೋಡಾಗಳಿಗೂ ಬೋಲ್ಟಿನ ಲೆಕ್ಕ ಒಂದೇ, 5x112. ಆದರೆ ನಡುವಿನ ತೂತು ಬೆಂಜಿಗೆ 66.6, ಸ್ಕೋಡಾಕ್ಕೆ 57.1 ಮಿ.ಮೀ. ತೂತು ದೊಡ್ಡದಿರುವ ಚಕ್ರವನ್ನು ನಡುವೆ ರಿಂಗ್ ಇಲ್ಲದೆ ಬಿಗಿದರೆ 80ರ ಮೇಲೆ ಸ್ಟೇರಿಂಗ್ ನಡುಗ್ತದೆ. ಬ್ಯಾಲೆನ್ಸಿಂಗ್ ಎಷ್ಟು ಸಲ ಮಾಡಿಸಿದರೂ ಹೋಗುವುದಿಲ್ಲ.

ನನ್ನ ಅಭಿಪ್ರಾಯ: 17ರಿಂದ 18ಕ್ಕೆ ಹೋಗಿ, ಬೇಕಾದರೆ. 19 ಬೇಡ. ಉಳಿದ ದುಡ್ಡಿಗೆ ಮಳೆಯಲ್ಲಿ ಹಿಡಿತ ಇರುವ ಒಳ್ಳೆ ಟಯರ್ ತೆಗೀರಿ. ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ಮಳೆ ಬೀಳುವ ಊರು ನಮ್ಮದು.

ಈಗ ತಗ್ಗಿಸುವ ಸಂಗತಿ. ಮೂರು ದಾರಿ ಉಂಟು. ಗಿಡ್ಡ ಸ್ಪ್ರಿಂಗ್, ಎತ್ತರ ತಿರುಗಿಸಿ ಹೊಂದಿಸುವ ಕಾಯಿಲೋವರ್, ಗಾಳಿಯ ಸಸ್ಪೆನ್ಷನ್. ಇದ್ದ ಸ್ಪ್ರಿಂಗನ್ನೇ ಕತ್ತರಿಸುವವರೂ ಇದ್ದಾರೆ, ಅವರ ಹತ್ತಿರ ಸ್ಕೂಟರನ್ನೂ ಕೊಡಬೇಡಿ. ಗಿಡ್ಡ ಸ್ಪ್ರಿಂಗ್ ಹಾಕಿ ಹಳೇ ಶಾಕ್ ಅಬ್ಸಾರ್ಬರ್ ಬಿಟ್ಟರೆ, ಅದು ಯಾವಾಗಲೂ ಅರ್ಧ ಒತ್ತಿಕೊಂಡೇ ಇರ್ತದೆ, ಬೇಗ ಸಾಯ್ತದೆ. ಚಕ್ರ ಒಳಗೆ ವಾಲಿ ಟಯರಿನ ಒಳ ಅಂಚು ಸವೀತದೆ. ಗಾಳಿಯದ್ದು ಎತ್ತಬಹುದು ಇಳಿಸಬಹುದು, ಒಪ್ಪುವ. ಆದರೆ ತೋಟದ ಮನೆಯ ಶೆಡ್ಡಿನಲ್ಲಿ ಇಲಿ ಎಂತೆಂಥದ್ದು ಕಡೀತದೆ ಅಂತ ನಿಮಗೆ ನಾನು ಹೇಳಬೇಕಾ?

ಹುಡುಗ ಹೇಳಿದ್ದರಲ್ಲೂ ಸತ್ಯ ಉಂಟು. ತಗ್ಗಿದ ಕಾರು ತಿರುವಿನಲ್ಲಿ ವಾಲುವುದಿಲ್ಲ, ಹೈವೇಯಲ್ಲಿ ನೆಲ ಹಿಡಿದು ಓಡ್ತದೆ. ಕದ್ರಿಯಿಂದ ಪಣಂಬೂರಿಗೆ ಮಾತ್ರ ಹೋಗಿಬರುವವನಾದರೆ ನಾನು ಸುಮ್ಮನಿರ್ತಿದ್ದೆ.

ವಾದ ಮಾಡುವುದು ಬಿಟ್ಟು ನಾವು ಅಳೆದೆವು. ಖಾಲಿ ಕಾರಿನ ಹೊಟ್ಟೆ ನೆಲದಿಂದ 14 ಸೆಂ.ಮೀ. ಮೇಲಿತ್ತು. ಮೂರೂವರೆ ತಗ್ಗಿಸಿದರೆ ಹತ್ತೂವರೆ. ಐದು ಜನ, ಡಿಕ್ಕಿಯಲ್ಲಿ ಒಂದು ಗೋಣಿ ತೆಂಗಿನಕಾಯಿ ಬಿದ್ದರೆ ಇನ್ನೆರಡು ಇಳೀತದೆ ಅಂತ ಹಿಡಿಯಿರಿ. ಉಳಿಯುವುದು ಎಂಟೂವರೆ. ಒಂದು ನೇರ ಅಡಿಕೆ ದಬ್ಬೆಯನ್ನು ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಇರುವಷ್ಟು, 2.84 ಮೀಟರ್, ಕತ್ತರಿಸಿದೆ. ಎರಡು ತುದಿಗೆ ಎಂಟೂವರೆ ಸೆಂ.ಮೀ. ಎತ್ತರದ ಮರದ ತುಂಡು ಹೊಡೆದೆ. ದಬ್ಬೆಯೇ ಕಾರಿನ ಹೊಟ್ಟೆ, ತುಂಡುಗಳೇ ಚಕ್ರ. ಅದನ್ನು ಹಿಡಿದು ಅಂಗಳದಿಂದ ವಾಮಂಜೂರು ರಸ್ತೆವರೆಗೆ ಇಬ್ಬರೂ ನಡೆದೆವು, ಪ್ರತಿ ಉಬ್ಬಿನ ಮೇಲೆ ಅಡ್ಡ ಇಟ್ಟು ನೋಡುತ್ತಾ. ದಾರಿಯಲ್ಲಿ ಸಿಕ್ಕಿದವರೆಲ್ಲ "ಎಂತ ಸರ್ವೆಯಾ?" ಅಂತ ಕೇಳಿದರು.

ಮೋರಿಯ ಮೇಲೆ ದಬ್ಬೆ ತಾಗಿತು. ಎರಡು ಹಂಪಿನ ಪೈಕಿ ಎರಡರಲ್ಲೂ ತಾಗಿತು. ಕಾಂಕ್ರೀಟ್ ಶುರುವಾಗುವ ಅಂಚಿನಲ್ಲಿ ಹೊಟ್ಟೆ ಬಚಾವ್, ಆದರೆ ಮುಂದಿನ ಬಂಪರ್ ಖಂಡಿತ ಉಜ್ಜುತಿತ್ತು.

ಇದರಲ್ಲಿ ಕಾರಿನ ತಪ್ಪು ಎಷ್ಟು, ರಸ್ತೆಯ ತಪ್ಪು ಎಷ್ಟು ಅಂತಲೂ ನೋಡಬೇಕು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಉದ್ದಕ್ಕೆ ದುಂಡಗೆ ಏರಿ ಇಳಿಯಬೇಕು. ಅಂಥ ಹಂಪಿನ ಮೇಲೆ ನಮ್ಮ ದಬ್ಬೆ ಇಟ್ಟರೆ, ಎರಡೂ ಚಕ್ರ ಹಂಪಿನ ಮೇಲೆಯೇ ಇರುವುದರಿಂದ, ಹೊಟ್ಟೆಗೆ 6 ಸೆಂ.ಮೀ. ಜಾಗ ಇದ್ದರೆ ಸಾಕು. ತಗ್ಗಿಸಿದ ಬೆಂಜೂ ದಾಟ್ತದೆ. ನಮ್ಮಲ್ಲಿ ಇರುವುದು ರಾತ್ರಿ ಯಾರೋ ಸಿಮೆಂಟ್ ಸುರಿದು ಮಾಡಿದ ಎರಡು ಅಡಿಯ ದಿಣ್ಣೆ. ಅದಕ್ಕೆ ಆಂಬುಲೆನ್ಸೂ ಎಗರ್ತದೆ. ಪಂಚಾಯತಿಗೆ ಅರ್ಜಿ ಕೊಡುವವರು ಇದ್ದರೆ ನನ್ನ ಸಹಿಯೂ ಉಂಟು. ಆದರೆ ಅದು ಸರಿಯಾಗುವವರೆಗೆ ಅಮ್ಮ ಹೋಗಬೇಕಾದದ್ದು ಇದೇ ದಾರಿಯಲ್ಲಿ.

ಕಾನೂನನ್ನೂ ಹೇಳಿಬಿಡ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡುವ ಹಾಗಿಲ್ಲ. ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಗಟ್ಟಿ ಮಾಡಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಪ್ರಕಾರ ಮಾಲೀಕನಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಅಪಘಾತ ಆದರೆ ಇನ್ಶೂರೆನ್ಸಿನವರು ಮೊದಲು ನೋಡುವುದೂ ಇಂಥದ್ದನ್ನೇ. ಕಾರಿನ ಮ್ಯಾನ್ಯುವಲ್ಲಿನಲ್ಲಿ ಕಂಪೆನಿಯೇ ಬರೆದ ಟಯರ್ ಅಳತೆ ಬಿಟ್ಟು ಆಚೀಚೆ ಹೋಗಬೇಡಿ.

ಹುಡುಗ ಸ್ಪ್ರಿಂಗ್ ಸದ್ಯಕ್ಕೆ ಬೇಡ ಅಂದಿದ್ದಾನೆ. ಚಕ್ರ 18ಕ್ಕೆ ಒಪ್ಪಿದ್ದಾನೆ, ಬಣ್ಣದ ಬಗ್ಗೆ ಅವನ ಹೆಂಡತಿಯೊಟ್ಟಿಗೆ ಇನ್ನೂ ಚರ್ಚೆ ನಡೀತಾ ಉಂಟು. ದಬ್ಬೆ ನಮ್ಮ ಹಟ್ಟಿಯ ಗೋಡೆಗೆ ಒರಗಿಸಿ ಇಟ್ಟಿದ್ದೇನೆ. ಬೇಕಾದವರು ಬಂದು ತೆಗೆದುಕೊಂಡು ಹೋಗಿ. ತುದಿಯ ತುಂಡು ಮಾತ್ರ ನಿಮ್ಮ ಕಾರಿನ ಲೆಕ್ಕಕ್ಕೆ ಕತ್ತರಿಸಿಕೊಳ್ಳಿ, ಮತ್ತೆ ವಾಪಸ್ ತಂದಿಡಿ.