ಪೈಪಿನ ಗಿಡಕ್ಕೆ ಸಿಕ್ಕ ಬಡ್ತಿ

1985ರ ಸೂಪರ್ ಮಾರಿಯೊ ಬ್ರದರ್ಸ್‌ನಲ್ಲಿ ಹಸಿರು ಪೈಪಿನಿಂದ ಮೇಲೆದ್ದು ಕಚ್ಚೋಕೆ ಬರುತ್ತಿದ್ದ ಪಿರಾನಾ ಪ್ಲಾಂಟ್ ನೆನಪಿದೆಯಲ್ಲ? 1993ರಲ್ಲಿ ಅದು ಜೆಲ್ಡಾ ಸರಣಿಯ ಲಿಂಕ್ಸ್ ಅವೇಕನಿಂಗ್‌ನಲ್ಲೂ ತಲೆಯೆತ್ತಿತ್ತು. ಎರಡೂ ನಿಂಟೆಂಡೊದ್ದೇ ಆಟ, ಹೊರಗಿನವರ ಪರವಾನಗಿ ಬೇಕಿರಲಿಲ್ಲ.

ನಿಜವಾದ ಬಡ್ತಿ ಸಿಕ್ಕಿದ್ದು ಸೂಪರ್ ಸ್ಮ್ಯಾಶ್ ಬ್ರದರ್ಸ್ ಅಲ್ಟಿಮೇಟ್‌ನಲ್ಲಿ. 2018ರ ನವೆಂಬರ್‌ನಲ್ಲಿ, ಆಟ ಮಾರುಕಟ್ಟೆಗೆ ಬರೋ ಮುಂಚೆಯೇ, ಈ ಗಿಡವನ್ನೂ ನಾವು ಆಡಿಸಬಹುದು ಅಂತ ಘೋಷಣೆಯಾಯ್ತು. ವಾಲುಯಿಜಿ ಬೇಕು ಅಂತ ಪಟ್ಟು ಹಿಡಿದಿದ್ದವರಿಗೆ ಇದು ಅಣಕದಂತೆ ಕಂಡಿದ್ದರೆ ಆಶ್ಚರ್ಯವಿಲ್ಲ.

ನನ್ನ ಕಣ್ಣು ಹೋಗಿದ್ದು ಷರತ್ತಿನ ಮೇಲೆ. 2019ರ ಜನವರಿ 31ರೊಳಗೆ ಆಟ ಕೊಂಡು ನೋಂದಾಯಿಸಿದರೆ ಗಿಡ ಉಚಿತ. ಆಮೇಲೆ ಬಂದವರು ಬೇರೆ ದುಡ್ಡು ತೆರಬೇಕು. ಯಾರೂ ನಿರೀಕ್ಷಿಸದ ಪಾತ್ರವೇ ಬೇಗ ಕೊಳ್ಳಿಸೋ ಗಾಳದ ಎರೆಹುಳುವಾಯ್ತು. ಚುರುಕು ವ್ಯಾಪಾರ, ಒಪ್ಪೋಣ. ಉಡುಗೊರೆ ಅಂತ ಮಾತ್ರ ಕರೆಯೋದು ಬೇಡ. ವಾಲುಯಿಜಿ ಈಗಲೂ ಅಲ್ಲಿ ಬಂದು ಹೋಗುವ ಸಹಾಯಕನಷ್ಟೇ.