ವಾಚು ಓಡುವುದನ್ನು ನಮ್ಮ ಮಕ್ಕಳೂ ನೋಡಲಿ

ಹೋದ ತಿಂಗಳು ರೇಷ್ಮೆಗೂಡಿನ ರೇಟಿನ ಸುದ್ದಿಗೆಂದು ಉಯ್ಯಂಬಳ್ಳಿಗೆ ಹೋಗಿದ್ದೆವು. ಮಾತು ಮುಗಿದು ಕಾಫಿ ಕುಡಿಯುತ್ತಿದ್ದಾಗ ಮನೆಯ ಅಜ್ಜ ಬೀರುವಿನಿಂದ ಒಂದು ಸಣ್ಣ ಡಬ್ಬಿ ತಂದು ಮುಂದಿಟ್ಟರು. ಒಳಗೆ ಹತ್ತಿಯಲ್ಲಿ ಸುತ್ತಿಟ್ಟ ಎಚ್‌ಎಂಟಿ ಜನತಾ ವಾಚು.

“ಮದುವೇಲಿ ನಮ್ಮ ಮಾವ ಕಟ್ಟಿದ್ದು ಕಣಪ್ಪ. ನಿಂತೋಗಿ ಎಂಟು ವರ್ಷ ಆಯ್ತು. ಬಿಸಾಕೋಕೆ ಮನಸ್ಸು ಬರಲ್ಲ. ನೀವು ಪೇಪರ್‌ನೋರು, ಊರೂರು ತಿರುಗ್ತೀರ. ರಿಪೇರಿ ಮಾಡೋರು ಯಾರಾದ್ರೂ ಅವ್ರಾ ನೋಡಿ” ಎಂದರು.

ಮುಂದಿನ ವಾರ ಅಜ್ಜ, ಏಳನೇ ಕ್ಲಾಸಿನ ಮೊಮ್ಮಗ ಮತ್ತು ನಾವು ಕನಕಪುರದ ಒಬ್ಬ ಹಳೇ ವಾಚು ರಿಪೇರಿಯವರ ಮುಂದೆ ಕೂತಿದ್ದೆವು. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹಿಂದಿನ ಮುಚ್ಚಳ ತೆಗೆದರು. ಒಂದೊಂದೇ ಚಕ್ರ ಬಿಚ್ಚಿ, ತೊಳೆದು, ಸೂಜಿಮೊನೆಯಲ್ಲಿ ಎಣ್ಣೆ ಮುಟ್ಟಿಸಿ, ಮತ್ತೆ ಕೂಡಿಸಿ ಕೀ ಕೊಟ್ಟರು. ಒಳಗಿನ ಪುಟ್ಟ ಗಾಲಿ ಆ ಕಡೆ ಈ ಕಡೆ ಆಡತೊಡಗಿತು.

ಹುಡುಗ ಬಗ್ಗಿ ನೋಡಿ ಕೇಳಿದ, “ಬ್ಯಾಟರಿ ಎಲ್ಲಿದೆ?”

“ಬ್ಯಾಟರಿ ಇಲ್ಲ ಕಣೋ. ನಿಮ್ಮ ತಾತನ ಬೆರಳೇ ಬ್ಯಾಟರಿ” ಎಂದರು ಅವರು.

ಈ ಬರಹ ಆ ಹುಡುಗನ ಪ್ರಶ್ನೆಯಿಂದ ಹುಟ್ಟಿದ್ದು. ಓಡುವ ವಾಚು, ಆಡುವ ಗೊಂಬೆ, ತಿರುಗುವ ರಾಟೆ ಇವನ್ನೆಲ್ಲ ಬಿಚ್ಚಿ ತೋರಿಸುವ, ಮಕ್ಕಳು ಕೈಯಿಂದ ತಿರುಗಿಸಿ ನೋಡುವ ಒಂದು ಗ್ಯಾಲರಿ ನಮ್ಮ ಜಿಲ್ಲೆಗೆ ಬೇಕು ಎಂಬುದು ನಮ್ಮ ಮಾತು.

ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ಇಂಥದ್ದೊಂದು ಇದೆ. ಎಂಬಿ ಅಂಡ್ ಎಫ್ ಎಂಬ ವಾಚು ಕಂಪನಿ 2011ರಲ್ಲಿ ತೆರೆದ ಮ್ಯಾಡ್ ಗ್ಯಾಲರಿ ಅದು. ವಾಚುಗಳ ಪಕ್ಕದಲ್ಲೇ ಚಲಿಸುವ ಶಿಲ್ಪಗಳನ್ನೂ ಅಲ್ಲಿ ಇಡುತ್ತಾರೆ. ಚಕ್ರ, ಹಲ್ಲು, ಸ್ಪ್ರಿಂಗ್ ಸೇರಿ ಆಡುವುದೂ ಕಲೆಯೇ ಎಂಬುದು ಅವರ ಲೆಕ್ಕ. ಆದರೆ ಅದು ಲಕ್ಷಗಟ್ಟಲೆ ಕೊಟ್ಟು ಕೊಳ್ಳುವವರ ಲೋಕ. ನಾವು ಹೇಳುತ್ತಿರುವುದು ಸರ್ಕಾರಿ ಶಾಲೆಯ ಮಕ್ಕಳು ಬಸ್ಸಿನಲ್ಲಿ ಬಂದು ನೋಡಿ ಹೋಗುವಂಥದ್ದು.

ಅದಕ್ಕೆ ಬೇಕಾದ ಸಾಮಾನು ದೂರದಲ್ಲೇನೂ ಇಲ್ಲ. ಚನ್ನಪಟ್ಟಣ ನಮ್ಮ ಜಿಲ್ಲೆಯದ್ದೇ. ಅಲ್ಲಿನ ಕುಶಲಕರ್ಮಿಗಳು ಆಲೆ ಮರದ ತುಂಡನ್ನು ತಿರುಗಣಿಗೆ ಕೊಟ್ಟು, ಉಳಿ ಹಿಡಿದು ಕಡೆಯುತ್ತಾರೆ. ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜುವ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಅದೇ ತಿರುಗಾಟದಲ್ಲಿ ತಾಳೆಗರಿ ಹಿಡಿದು ಹೊಳಪು ಕೊಡುತ್ತಾರೆ. ಹೀಗೆ ತಿರುಗುತ್ತಲೇ ಹುಟ್ಟಿದ ಗೊಂಬೆ ಮಗುವಿನ ಕೈಗೆ ಬಂದಮೇಲೂ ಸುಮ್ಮನೆ ಕೂರುವುದಿಲ್ಲ. ಬುಗುರಿಯಾದರೆ ತಿರುಗುತ್ತದೆ, ಗಾಲಿಯ ಗೊಂಬೆಯಾದರೆ ದಾರ ಎಳೆದಲ್ಲಿಗೆ ಬರುತ್ತದೆ. ಚಲಿಸುವ ಕಲೆ ಎಂದರೆ ಇದಲ್ಲದೆ ಇನ್ನೇನು?

ಇನ್ನು ವಾಚಿನ ಕಥೆ. 1961ರಲ್ಲಿ ಎಚ್‌ಎಂಟಿ ಕಂಪನಿ ಜಪಾನಿನ ಸಿಟಿಜನ್ ಕಂಪನಿಯ ತಾಂತ್ರಿಕ ನೆರವಿನಿಂದ ಬೆಂಗಳೂರಿನಲ್ಲಿ ವಾಚು ಕಾರ್ಖಾನೆ ಶುರುಮಾಡಿತು. ಆಮೇಲೆ ತುಮಕೂರಿನಲ್ಲೂ ಮಾಡಿತು. ಜನತಾ, ಪೈಲಟ್, ಸೋನಾ, ಕಾಂಚನ್ ಎಂಬ ಹೆಸರು ಹೇಳಿದರೆ ಇವತ್ತಿಗೂ ಹಿರಿಯರ ಮುಖ ಅರಳುತ್ತದೆ. ಬ್ಯಾಟರಿ ವಾಚುಗಳು ಬಂದವು, ಪೈಪೋಟಿ ಹೆಚ್ಚಿತು, ನಷ್ಟ ಬೆಳೆಯಿತು. 2016ರಲ್ಲಿ ಎಚ್‌ಎಂಟಿ ವಾಚು ಕಂಪನಿ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಕಾರ್ಖಾನೆ ಮತ್ತೆ ತೆರೆಯಿರಿ ಎಂದು ನಾವು ಕೇಳುತ್ತಿಲ್ಲ. ಆ ಕಾಲ ಮುಗಿಯಿತು.

ಬೆಂಗಳೂರಿನ ಜಾಲಹಳ್ಳಿಯಲ್ಲಿ 2019ರಿಂದ ಎಚ್‌ಎಂಟಿ ಹೆರಿಟೇಜ್ ಮ್ಯೂಸಿಯಂ ಇದೆ. ಕಂಪನಿ ಮಾಡಿದ ವಾಚುಗಳನ್ನು ಅಲ್ಲಿ ಕಾಪಾಡಿ ಇಟ್ಟಿದ್ದಾರೆ. ಮೆಚ್ಚಬೇಕಾದ ಕೆಲಸ, ಬೆಂಗಳೂರಿಗೆ ಹೋದವರು ತಪ್ಪದೆ ನೋಡಿ ಬನ್ನಿ. ಆದರೆ ಸಂಗಮದ ಕಡೆಯ ಹಳ್ಳಿಯ ಮಗು ಕನಕಪುರಕ್ಕೆ ಬಂದು, ಬೆಂಗಳೂರಿಗೆ ಹೋಗಿ, ಅಲ್ಲಿಂದ ಜಾಲಹಳ್ಳಿ ಸೇರುವ ಹೊತ್ತಿಗೆ ಅರ್ಧ ದಿನ ಕಳೆದಿರುತ್ತದೆ. ಬಡವರ ಮನೆಯಿಂದ ಯಾರು ಕಳಿಸುತ್ತಾರೆ?

ಅದಕ್ಕೇ ಚನ್ನಪಟ್ಟಣ ಎನ್ನುತ್ತೇವೆ. ಸಾತನೂರು ದಾರಿಯಲ್ಲಿ ನಮ್ಮವರು ಹೋಗಿ ಬರುವ ಊರು ಅದು. ಅಲ್ಲಿಂದ ರಾಮನಗರದ ಕಡೆ ಹೊರಟರೆ ಜಾನಪದ ಲೋಕ ಸಿಗುತ್ತದೆ. ಎಚ್.ಎಲ್. ನಾಗೇಗೌಡರು ಹಳ್ಳಿಗಳಲ್ಲಿ ಮೂಲೆ ಸೇರಿದ್ದ ಸಾಮಾನುಗಳನ್ನು ಒಟ್ಟುಮಾಡಿ ಕಟ್ಟಿದ ಜಾಗ ಅದು. ಹಳೇ ಒನಕೆ, ಮಡಕೆಗಳನ್ನು ಯಾರು ನೋಡುತ್ತಾರೆ ಎಂದು ಅವರು ಸುಮ್ಮನಿದ್ದಿದ್ದರೆ ಇವತ್ತು ಶಾಲಾ ಪ್ರವಾಸದ ಬಸ್ಸುಗಳು ಅಲ್ಲಿ ನಿಲ್ಲುತ್ತಿರಲಿಲ್ಲ. ಅದೇ ಕೆಲಸ ಈಗ ವಾಚಿಗೆ, ಗೊಂಬೆಗೆ, ನೂಲು ಬಿಚ್ಚುವ ಚರಕಕ್ಕೆ ಆಗಬೇಕು.

ಒಂದೇ ಷರತ್ತು. ಅಲ್ಲಿ ಯಾವುದೂ ನಿಂತಿರಬಾರದು.

ಗಾಜಿನ ಪೆಟ್ಟಿಗೆಯಲ್ಲಿ ನಿಂತ ವಾಚು ಬರೀ ಒಡವೆ. ಓಡುವಾಗ ಮಾತ್ರ ಅದು ಪಾಠ ಹೇಳುತ್ತದೆ. ಕೀ ಕೊಟ್ಟಾಗ ಒಳಗೆ ಸುರುಳಿ ಸ್ಪ್ರಿಂಗ್ ಬಿಗಿಯಾಗುತ್ತದೆ. ಅದು ಒಂದೇ ಸಲಕ್ಕೆ ಬಿಚ್ಚಿಕೊಂಡರೆ ಎಲ್ಲ ಚಕ್ರಗಳೂ ಗಿರ್ರನೆ ತಿರುಗಿ ಮುಗಿದುಹೋಗುತ್ತವೆ. ಹಾಗಾಗದಂತೆ ಒಂದು ಕೊಂಡಿ ಹಲ್ಲಿಗೆ ಸಿಕ್ಕಿ ತಡೆಯುತ್ತದೆ, ಬಿಡುತ್ತದೆ, ಮತ್ತೆ ತಡೆಯುತ್ತದೆ. ಟಿಕ್ ಟಿಕ್ ಎಂಬ ಸದ್ದು ಅದೇ. ಅದಕ್ಕೆ ತಾಳ ಹಾಕುವುದು ಆ ಕಡೆ ಈ ಕಡೆ ಆಡುವ ಪುಟ್ಟ ಗಾಲಿ. ಜನತಾ ವಾಚಿನಲ್ಲಿ ಸೆಕೆಂಡಿಗೆ 5 ಬಡಿತ, ಗಂಟೆಗೆ 18,000. ಡಯಲಿನ ಮೇಲೆ 17 ಜ್ಯುವೆಲ್ಸ್ ಎಂದು ಬರೆದಿರುತ್ತದಲ್ಲ, ಅವು ಅಂದಕ್ಕೆ ಇಟ್ಟ ಹರಳುಗಳಲ್ಲ. ಚಕ್ರದ ಅಚ್ಚು ಸವೆಯದಿರಲಿ ಎಂದು ಕೂರಿಸಿದ ಗಟ್ಟಿ ಕೆಂಪು ಕಲ್ಲುಗಳು.

ಇದನ್ನು ಪುಸ್ತಕದಲ್ಲಿ ಹತ್ತು ಸಲ ಓದಿದರೂ ತಲೆಗೆ ಹತ್ತುವುದಿಲ್ಲ. ಆ ಹುಡುಗ ಒಂದೇ ಸಲ ನೋಡಿದ. ವಾಪಸ್ ಬರುವಾಗ ಬಸ್ಸಿನಲ್ಲಿ ಸೈಕಲ್ಲಿನ ಫ್ರೀವೀಲ್ ಹೇಗೆ ಕೆಲಸ ಮಾಡುತ್ತದೆ ಎಂದು ಅವನೇ ನಮಗೆ ಹೇಳುತ್ತಾ ಬಂದ.

ಟೈಮ್ ನೋಡಲು ಮೊಬೈಲ್ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ. ನೀವು ಇದನ್ನು ಓದುತ್ತಿರುವುದೂ ಅದರಲ್ಲೇ. ಆದರೆ ಮೊಬೈಲಿನ ಬೆನ್ನು ಬಿಚ್ಚಿದರೆ ಮಗುವಿಗೆ ಏನೂ ಕಾಣುವುದಿಲ್ಲ. ಯಾವುದು ಯಾವುದನ್ನು ತಳ್ಳುತ್ತದೆ ಎಂದು ತಿಳಿಯುವುದಿಲ್ಲ. ನಮ್ಮ ತಾತಂದಿರು ಏತ ಹೊಡೆದರು, ಗಾಣ ಆಡಿಸಿದರು. ಅವರಿಗೆ ಭಾರ ಎಲ್ಲಿ, ಬಲ ಎಲ್ಲಿ ಎಂಬುದು ಕೈಗೇ ಗೊತ್ತಿತ್ತು. ನಮ್ಮ ಮಕ್ಕಳ ಕೈಗೆ ಅದು ಗೊತ್ತಾಗುವ ಜಾಗ ಈಗ ಎಲ್ಲಿದೆ?

ಕುಡಿಯುವ ನೀರಿಗೆ, ರಸ್ತೆಗೇ ದುಡ್ಡಿಲ್ಲ, ಗ್ಯಾಲರಿ ಯಾಕೆ ಎನ್ನುವವರ ಮಾತೂ ನ್ಯಾಯವೇ. ನೀರು, ರಸ್ತೆಯ ದುಡ್ಡನ್ನು ಇದಕ್ಕೆ ಕೊಡಿ ಎಂದು ನಾವೂ ಹೇಳುವುದಿಲ್ಲ. ಅರಮನೆ ಕಟ್ಟಬೇಕಿಲ್ಲ. ಖಾಲಿ ಬಿದ್ದ ಒಂದು ಸರ್ಕಾರಿ ಕಟ್ಟಡ, ನಾಲ್ಕು ಉದ್ದನೆಯ ಮೇಜು, ಒಳ್ಳೆ ಬೆಳಕು, ಹಳ್ಳಿಯವರು ಕೊಟ್ಟ ಹಳೇ ವಾಚು, ಅಲಾರಂ ಗಡಿಯಾರಗಳು ಸಾಕು. ಖರ್ಚು ಮಾಡಬೇಕಾದ್ದು ಗೋಡೆಗಲ್ಲ, ಮನುಷ್ಯರಿಗೆ. ವಾರಕ್ಕೆರಡು ದಿನ ಒಬ್ಬ ವಾಚು ರಿಪೇರಿಯವರಿಗೆ, ಒಬ್ಬ ಗೊಂಬೆ ಕುಶಲಕರ್ಮಿಗೆ ಮೇಷ್ಟ್ರಿಗೆ ಕೊಡುವ ಹಾಗೆ ಸಂಬಳ ಕೊಟ್ಟು ಕೂರಿಸಬೇಕು. ಅವರು ಬಿಚ್ಚಲಿ, ಮಕ್ಕಳು ಜೋಡಿಸಲಿ.

ಇದಕ್ಕೆ ಅವಸರವೂ ಇದೆ. ಕನಕಪುರದ ಆ ರಿಪೇರಿಯವರನ್ನು, ಈ ಕೆಲಸ ಯಾರಿಗಾದರೂ ಕಲಿಸಿದ್ದೀರಾ ಎಂದು ಕೇಳಿದೆವು. “ನನ್ನ ಮಗ ಮೊಬೈಲ್ ಅಂಗಡಿ ಇಟ್ಕೊಂಡವ್ನೆ. ಇದು ನನ್ನ ತಲೆಗೇ ಕೊನೆ” ಎಂದು ನಕ್ಕರು. ನಗುತ್ತಲೇ ಚಿಮಟ ಒರೆಸಿ ಡಬ್ಬಿಗೆ ಹಾಕಿದರು. ಹಳೇ ವಾಚು ಇನ್ನೂ ಐವತ್ತು ವರ್ಷ ಬೀರುವಿನಲ್ಲಿ ಇದ್ದೀತು. ಅದನ್ನು ಓಡಿಸುವ ಕೈ ಅಷ್ಟು ದಿನ ಕಾಯುವುದಿಲ್ಲ.

ನೀವು ಮಾಡಬಹುದಾದ್ದು ಇಷ್ಟು. ಮನೆಯ ಹಳೇ ವಾಚನ್ನು ಗುಜರಿಗೆ ಹಾಕಬೇಡಿ. ಊರ ಹತ್ತಿರ ರಿಪೇರಿಯವರು ಇನ್ನೂ ಇದ್ದರೆ ಮಕ್ಕಳನ್ನು ಒಂದು ಮಧ್ಯಾಹ್ನ ಅವರ ಮುಂದೆ ಕೂರಿಸಿ. ಮುಂದಿನ ಗ್ರಾಮಸಭೆಯಲ್ಲಿ, ಎಸ್‌ಡಿಎಂಸಿ ಮೀಟಿಂಗಿನಲ್ಲಿ ಈ ಮಾತು ಎತ್ತಿ. ನಾಲ್ಕು ಪಂಚಾಯ್ತಿಯಿಂದ ಕಾಗದ ಹೋದರೆ ಜಿಲ್ಲಾ ಕಚೇರಿಯಲ್ಲಿ ಯಾರಾದರೊಬ್ಬರು ಓದಿಯೇ ಓದುತ್ತಾರೆ. ಬೆನ್ನು ಹತ್ತಿ ವಿಚಾರಿಸುವ ಕೆಲಸ ನಮಗಿರಲಿ.

ಮೊನ್ನೆ ಉಯ್ಯಂಬಳ್ಳಿಯ ಅಜ್ಜ ಫೋನ್ ಮಾಡಿದ್ದರು. ದಿನಾ ಬೆಳಿಗ್ಗೆ ವಾಚಿಗೆ ಕೀ ಕೊಡುವುದು ಈಗ ಮೊಮ್ಮಗನ ಕೆಲಸವಂತೆ. “ಒಂದು ದಿನಾನೂ ಮರೀಲಿಲ್ಲ ಕಣಪ್ಪ” ಎಂದರು.