ಯಂತ್ರಕ್ಕೆ ಯಾವ ನುಡಿ?

ನಮ್ಮ ಕಿರಿಯ ಮಗಳು ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಡೆಯ ವರ್ಷದ ವಿದ್ಯಾರ್ಥಿನಿ. ಅವಳೂ ಅವಳ ಮೂವರು ಗೆಳತಿಯರೂ ಕೂಡಿ, ಸಂಸ್ಕೃತ ವಾಕ್ಯಗಳ ಸಂಧಿಯನ್ನು ಬಿಡಿಸತಕ್ಕ ಒಂದು ಕಂಪ್ಯೂಟರ್ ಪ್ರೋಗ್ರಾಮನ್ನು ನಾಲ್ಕು ತಿಂಗಳೊಳಗಾಗಿ ರಚಿಸಿ ಒಪ್ಪಿಸಬೇಕಾಗಿದೆ. "ಅಪ್ಪಾ, ಯಾವ ಭಾಷೆಯಲ್ಲಿ ಬರೆಯೋಣ?" ಎಂದು ಕೇಳಿದಳು. "ಸಂಸ್ಕೃತದಲ್ಲಿಯೇ ಬರೆಯಿರಿ; ಕಂಪ್ಯೂಟರಿಗೆ ಅದೇ ಸರ್ವೋತ್ತಮವೆಂದು ನಾಸಾದವರೇ ಒಪ್ಪಿರುವರಲ್ಲ!" ಎಂದೆವು. ಈ ಮಾತನ್ನು ತರಗತಿಯಲ್ಲಿ ಎಷ್ಟು ವರ್ಷ ಹೇಳಿದೆವೋ ಲೆಕ್ಕವಿಲ್ಲ.

ಹುಡುಗಿ ನಗಲಿಲ್ಲ. ಮರುದಿನ ಆ ಮಾತಿನ ಮೂಲವನ್ನೇ ತಂದು ನಮ್ಮ ಮುಂದಿಟ್ಟಳು. ನಾಸಾದ ಏಮ್ಸ್ ಕೇಂದ್ರದಲ್ಲಿದ್ದ ರಿಕ್ ಬ್ರಿಗ್ಸ್ ಎಂಬವರು 1985ರಲ್ಲಿ 'ಎಐ ಮ್ಯಾಗಜೀನ್' ಪತ್ರಿಕೆಗೆ ಬರೆದ ಲೇಖನವದು. ನಮ್ಮ ವೈಯಾಕರಣರು ಕ್ರಿಯೆಯನ್ನು ನಡುವಿಟ್ಟು, ಕರ್ತೃ ಕರ್ಮ ಕರಣಾದಿಗಳನ್ನು ಅದಕ್ಕೆ ಅನ್ವಯಿಸಿ ವಾಕ್ಯಾರ್ಥವನ್ನು ಬಿಡಿಸುವ ಕ್ರಮವು, ಯಂತ್ರದೊಳಗೆ ಅರ್ಥವನ್ನು ನಿರೂಪಿಸುವ ಕ್ರಮವನ್ನು ಹೋಲುತ್ತದೆಂದು ಅದರ ತಾತ್ಪರ್ಯ. ಪ್ರೋಗ್ರಾಮನ್ನು ಸಂಸ್ಕೃತದಲ್ಲಿ ಬರೆಯಿರೆಂಬ ವಿಧಿ ಅಲ್ಲಿಲ್ಲ. ಮೂಲವನ್ನು ನೋಡದೆ ಪಾಠ ಹೇಳಬಾರದೆಂದು ಇತರರನ್ನು ಗದರಿದ ನಮಗೆ ಬಹಳ ನಾಚಿಕೆಯಾಯಿತು.

ಇನ್ನು ಆಯ್ಕೆಯ ವಿಚಾರ. ಒಬ್ಬ ಗೆಳತಿಗೆ 'ಸಿ' ಭಾಷೆಯೇ ಬೇಕು. 1972ರ ಸುಮಾರಿಗೆ ಬೆಲ್ ಪ್ರಯೋಗಶಾಲೆಯಲ್ಲಿ ಡೆನಿಸ್ ರಿಚಿಯವರು ನಿರ್ಮಿಸಿದ ಅದು ಮಹಾವೇಗದ್ದು. ಆದರೆ ಯಂತ್ರದ ಸ್ಮೃತಿಯಲ್ಲಿ ಸ್ಥಳ ಹಿಡಿಯುವ, ಬಿಟ್ಟುಕೊಡುವ ಹೊಣೆಯೆಲ್ಲ ಬರೆಯುವವರದೇ. ನಮ್ಮ ಮಗಳ ಮನಸ್ಸು 'ಒಕ್ಯಾಮಲ್' ಕಡೆಗೆ. ಫ್ರಾನ್ಸಿನ ಜೆರಾರ್ಡ್ ಹ್ಯುಯೆಟ್ ಎಂಬ ವಿದ್ವಾಂಸರು ಇದೇ ಸಂಧಿವಿಭಾಗದ ಕೆಲಸವನ್ನು ಅದರಲ್ಲಿ ಮಾಡಿರುವರು. ಆದರೆ ಅದು ಅವರ ಇನ್ರಿಯಾ ಸಂಸ್ಥೆಯಲ್ಲಿಯೇ ಬೆಳೆದ ಭಾಷೆ, ಅವರಿಗೆ ಮನೆಮಾತಿದ್ದಂತೆ. "ನಿಮ್ಮಲ್ಲಿ ಯಾರಿಗೆ ಬರುತ್ತದೆ?" ಎಂದೆವು. ಯಾರಿಗೂ ಬಾರದು. "ಬರುವ ವರ್ಷ ತಪ್ಪು ಕಂಡರೆ ತಿದ್ದುವವರಾರು?" ಉತ್ತರವಿಲ್ಲ.

ವೇಗದ ಚಿಂತೆಯೂ ನಮಗೆ ಅಸ್ಥಾನದ್ದಾಗಿ ತೋರಿತು. 'ನಾಗತಃ' ಎಂಬುದನ್ನು ನೋಡಿರಿ. 'ನ ಆಗತಃ' ಎಂದು ಬಿಡಿಸಿದರೆ 'ಬರಲಿಲ್ಲ', ಬಿಡಿಸದಿದ್ದರೆ 'ಹಾವಿನಿಂದ'! ಎರಡನ್ನೂ ಕೈಬಿಡದೆ ತೋರಿಸುವುದೇ ಇಲ್ಲಿಯ ಕಷ್ಟ. ಒಂದು ವಾಕ್ಯಕ್ಕೆ ಕ್ಷಣಕಾಲ ಕಾದರೆ ಯಾರಿಗೇನು ನಷ್ಟ? ನಿಯಮಗಳನ್ನು ಬರೆದು, ಪರೀಕ್ಷಿಸಿ, ಮತ್ತೆ ತಿದ್ದಲು ಅನುಕೂಲವಾಗಿರಬೇಕು. ಕಡೆಗೆ 1991ರಲ್ಲಿ ಪ್ರಕಟವಾದ 'ಪೈಥಾನ್' ಭಾಷೆಯನ್ನೇ ಹಿಡಿದರು. ಅದು ನಾಲ್ವರಿಗೂ ಬರುವುದು. ಓದಲು ಸರಳ, ಸಿದ್ಧಸಾಮಗ್ರಿಯೂ ಹೇರಳ. ಸೂತ್ರಗಳ ಪಟ್ಟಿಯನ್ನು ಬರೆದುಕೊಡುವ ಕೆಲಸ ನಮ್ಮ ಪಾಲಿಗೆ ಬಂದಿದೆ.

ನಾಸಾದ ಮಾತನ್ನು ನಮ್ಮಿಂದ ಕೇಳಿದ ಹಳೆಯ ವಿದ್ಯಾರ್ಥಿಗಳು ವಾಚಕರಲ್ಲಿದ್ದರೆ, ದಯವಿಟ್ಟು ತಿದ್ದಿಕೊಳ್ಳಬೇಕೆಂದು ಬೇಡುತ್ತೇವೆ.